ಡಾಕ್ಟರು ಪಾಠಕ್ಕೆ ಹೋದ ದಿನ

ಜಗಳೂರು ತಾಲ್ಲೂಕಿನ ಹಿರಿಯ ಓದುಗರೊಬ್ಬರು ಎರಡು ಪುಟ ತುಂಬ ಬರೆದಿದ್ದಾರೆ. ಅವರ ಮಾತಿನಲ್ಲೇ ಸ್ವಲ್ಪ ಕೇಳಿ: "ಮೂವತ್ತು ವರ್ಷದಿಂದ ನಮ್ಮ ಸುತ್ತಿನ ಹಳ್ಳಿಗಳಿಗೆಲ್ಲ ಒಬ್ಬರೇ ಡಾಕ್ಟರು. ಒಳ್ಳೆ ಕೈಗುಣ. ಮೊನ್ನೆ ಎರಡು ವರ್ಷದ ಮೊಮ್ಮಗನಿಗೆ ವಾಂತಿಭೇದಿ ಅಂತ ಎತ್ತಿಕೊಂಡು ಓಡಿದರೆ ಬಾಗಿಲಿಗೆ ಚೀಟಿ ಅಂಟಿಸಿತ್ತು: ತರಬೇತಿ ನಿಮಿತ್ತ ಎರಡು ದಿನ ರಜೆ. ದಾವಣಗೆರೆಗೆ ಹೋದೆವು, ಡ್ರಿಪ್ ಹಾಕಿದರು, ಮೂರು ಸಾವಿರ ಕೈಬಿಟ್ಟಿತು. ತಲೆ ನೆರೆತ ಡಾಕ್ಟರಿಗೆ ಇನ್ನೆಂಥ ಪಾಠ? ಔಷಧ ಕಂಪನಿಯವರು ಕರೆದು ಊಟ ಹಾಕುವ ಜಾತ್ರೆ ಅದು ಅಂತ ಜನ ಆಡಿಕೊಳ್ಳುತ್ತಾರೆ, ನಿಜವೆ? ನನ್ನ ಮಂಡಿಗೂ ಬೆನ್ನಿಗೂ ಎರಡು ವರ್ಷದಿಂದ ಅದೇ ಗುಳಿಗೆ ಕೊಡುತ್ತಿದ್ದಾರೆ. ಅದಕ್ಕೆ ಓದು ಬೇಕೆ?"

ಹಿರಿಯರೆ, ಮಗುವನ್ನು ಹೆಗಲಿಗೆ ಹಾಕಿಕೊಂಡು ಮುಚ್ಚಿದ ಬಾಗಿಲ ಮುಂದೆ ನಿಂತವರಿಗೆ ಸಿಟ್ಟು ಬರುವುದು ಸಹಜ. ಚೀಟಿಯಲ್ಲಿ ರಜೆಯ ಜತೆಗೆ ಇನ್ನೊಂದು ಸಾಲು ಇರಬೇಕಿತ್ತು: ಈ ಎರಡು ದಿನ ಯಾರ ಹತ್ತಿರ ಹೋಗಬೇಕು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾರಿರುತ್ತಾರೆ ಎಂದು. ಅಕ್ಕಪಕ್ಕದ ಇಬ್ಬರು ಡಾಕ್ಟರುಗಳು ಒಬ್ಬರ ರಜೆಗೆ ಇನ್ನೊಬ್ಬರು ನಿಲ್ಲುವಂತೆ ಮಾತಾಡಿಕೊಂಡರೆ ಈ ಗೋಳು ಇಲ್ಲ. ಈ ಪತ್ರಿಕೆ ಓದುವ ವೈದ್ಯರು ದಯವಿಟ್ಟು ಗಮನಿಸಲಿ.

ಆದರೆ ತಲೆ ನೆರೆತವರಿಗೆ ಪಾಠ ಯಾಕೆ ಎಂಬ ನಿಮ್ಮ ಪ್ರಶ್ನೆಗೆ ನಾನು ತಲೆದೂಗಲಾರೆ. ಕಾರಣ ನನ್ನ ಮನೆಯಲ್ಲೇ ಇದೆ.

ನನ್ನ ತಾಯಿಗೆ ಸಕ್ಕರೆ ಕಾಯಿಲೆ. ದಾವಣಗೆರೆಯ ಹಳೇ ಊರಿನ ಡಾಕ್ಟರೊಬ್ಬರು ಅವರಿಗೆ ಗ್ಲಿಬೆನ್‌ಕ್ಲಮೈಡ್ ಎಂಬ ಗುಳಿಗೆ ಬರೆದಿದ್ದರು. ಬರೆದ ಕಾಲಕ್ಕೆ ಅದು ಸರಿಯಾದ ಔಷಧವೇ. ಅಗ್ಗ, ಸಕ್ಕರೆಯನ್ನು ಚೆನ್ನಾಗಿ ಇಳಿಸುತ್ತದೆ. ಇಪ್ಪತ್ತು ವರ್ಷ ಅದೇ ಚೀಟಿ ನಡೆಯಿತು. ಅಮ್ಮನಿಗೆ ಎಪ್ಪತ್ತು ದಾಟಿತು, ಮೂತ್ರಪಿಂಡ ಸೋತಿತು, ಊಟ ಅರ್ಧವಾಯಿತು, ಗುಳಿಗೆ ಮಾತ್ರ ಅಷ್ಟೇ ಉಳಿಯಿತು. ಒಂದು ಏಕಾದಶಿಯ ಮರುದಿನ ಬೆಳಗಿನ ಜಾವ ಮೈಯೆಲ್ಲ ಬೆವೆತು, ಕೈ ನಡುಗಿ, ನನ್ನನ್ನೇ "ಯಾರಪ್ಪಾ ನೀನು" ಎಂದರು. ಪುಣ್ಯಕ್ಕೆ ನುಂಗುವಷ್ಟು ಎಚ್ಚರವಿತ್ತು, ಸಕ್ಕರೆ ನೀರು ಕುಡಿಸಿದೆವು. ಆ ಗುಳಿಗೆ ದೇಹದಲ್ಲಿ ಬಹಳ ಹೊತ್ತು ಉಳಿಯುತ್ತದೆ. ಮೂತ್ರಪಿಂಡ ಬಲಹೀನವಾದ ವಯಸ್ಸಾದವರಲ್ಲಿ ಇನ್ನೂ ಹೆಚ್ಚು ಹೊತ್ತು ಉಳಿದು ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ತಳ್ಳುತ್ತದೆ. ಅದಕ್ಕಾಗಿ ಮುದುಕರಿಗೆ ಅದನ್ನು ಕೊಡಬಾರದು ಎಂಬುದು ಈಗ ಒಪ್ಪಿತ ಮಾತು. ಆ ಡಾಕ್ಟರು ಮುಂದೆ ಒಂದು ತರಬೇತಿಗೆ ಹೋಗಿ ಬಂದವರೇ ತಾವಾಗಿಯೇ ಮನೆಗೆ ಬಂದರು. ಅಮ್ಮನ ಹಾಸಿಗೆಯ ಬಳಿ ಕೂತು "ತಾಯಿ, ಇದನ್ನು ನಾನು ಎಂದೋ ನಿಲ್ಲಿಸಬೇಕಿತ್ತು" ಎಂದರು. ಅವರ ಮೇಲಿನ ಗೌರವ ನಮ್ಮ ಮನೆಯಲ್ಲಿ ಅಂದು ಇಮ್ಮಡಿಯಾಯಿತು.

ಅವರಿಗೆ ಕೈಗುಣ ಇರಲಿಲ್ಲವೆ? ಇತ್ತು. ಅನುಭವವೂ ಇತ್ತು. ಆದರೆ ಅನುಭವ ಒಂದನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದವರಿದ್ದಾರೆ. ವೈದ್ಯರ ವಯಸ್ಸು ಅಥವಾ ಸೇವೆಯ ವರ್ಷಗಳ ಜತೆ ಅವರ ತಿಳಿವಳಿಕೆ, ಚಿಕಿತ್ಸೆಯ ಗುಣಮಟ್ಟವನ್ನು ಹೋಲಿಸಿದ 62 ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯೊಂದು 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅರ್ಧಕ್ಕಿಂತ ಹೆಚ್ಚು ಅಧ್ಯಯನಗಳಲ್ಲಿ ವರ್ಷ ಉರುಳಿದಂತೆ ಗುಣಮಟ್ಟ ಇಳಿದದ್ದೇ ಕಂಡಿತ್ತು. ಇದಕ್ಕೆ ಸೋಮಾರಿತನ ಕಾರಣವೆಂದು ನನಗನ್ನಿಸುವುದಿಲ್ಲ. ದಿನಕ್ಕೆ ನೂರು ಜನರನ್ನು ನೋಡುವ ಒಂಟಿ ಡಾಕ್ಟರಿಗೆ, ತಾನು ಮಾಡುತ್ತಿರುವುದು ಹಳತಾಯಿತು ಎಂದು ಹೇಳುವವರು ಆ ಕೋಣೆಯಲ್ಲಿ ಯಾರೂ ಇರುವುದಿಲ್ಲ.

ಹಾವಿನ ಕಡಿತವನ್ನೇ ನೋಡಿ. ಮೆಕ್ಕೆಜೋಳದ ಹೊಲದಲ್ಲಿ, ಚಿತ್ರದುರ್ಗದ ಕಡೆಯ ಕಲ್ಲುಗುಡ್ಡಗಳಲ್ಲಿ ಕೆಲಸ ಮಾಡುವ ನಮಗೆ ಇದು ದೂರದ ಮಾತಲ್ಲ. ನಿಮ್ಮ ಡಾಕ್ಟರು ಕಾಲೇಜಿನಲ್ಲಿದ್ದಾಗ, ವಿಷನಿರೋಧಕ ಕೊಡುವ ಮುಂಚೆ ಒಂದು ಹನಿ ಚರ್ಮಕ್ಕೆ ಚುಚ್ಚಿ ಅಲರ್ಜಿ ಆಗುತ್ತದೆಯೇ ಎಂದು ನೋಡುವುದು ವಾಡಿಕೆ. ಆ ಪರೀಕ್ಷೆಯಿಂದ ಅಪಾಯ ಮುಂಚಿತವಾಗಿ ತಿಳಿಯುವುದಿಲ್ಲ, ಹೊತ್ತು ಮಾತ್ರ ಹಾಳು ಎಂದು ಗೊತ್ತಾಗಿ ಅದನ್ನು ಕೈಬಿಡಲಾಗಿದೆ. ಈಗ, ಅಲರ್ಜಿ ಕೆರಳಿದರೆ ಕೊಡುವ ಅಡ್ರಿನಲಿನ್ ಔಷಧವನ್ನು ಸಿರಿಂಜಿನಲ್ಲಿ ಸಿದ್ಧ ಇಟ್ಟುಕೊಂಡು ವಿಷನಿರೋಧಕವನ್ನು ನೇರವಾಗಿ ಶುರು ಮಾಡಬೇಕು. ಮಗು ಚಿಕ್ಕದೆಂದು ವಿಷನಿರೋಧಕ ಕಡಿಮೆ ಮಾಡುವ ಹಾಗಿಲ್ಲ, ಕಚ್ಚುವ ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲವಲ್ಲ. ಕೊಳಕುಮಂಡಲ ಕಚ್ಚಿದೆಯೆಂಬ ಅನುಮಾನವಿದ್ದರೆ ದೊಡ್ಡ ಲ್ಯಾಬೇನೂ ಬೇಡ. ಒಣಗಿದ ಸ್ವಚ್ಛ ಗಾಜಿನ ನಳಿಕೆಯಲ್ಲಿ ಎರಡು ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಬಿಟ್ಟು ಓರೆ ಮಾಡಿದರಾಯಿತು, ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆ. ಆ ನಳಿಕೆಯನ್ನು ಸೋಪಿನ ಪುಡಿಯಲ್ಲಿ ತೊಳೆದಿದ್ದರೆ ಫಲಿತಾಂಶ ತಪ್ಪುತ್ತದೆ ಎಂಬಷ್ಟು ಸೂಕ್ಷ್ಮ ಕೂಡ ಗೊತ್ತಿರಬೇಕು. ಇನ್ನು ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ಗಾಯವೂ ಕಾಣದು, ಉರಿಯೂ ಇರದು. ಬೆಳಿಗ್ಗೆ ಹೊಟ್ಟೆನೋವು ಎಂದು ಬಂದವನ ರೆಪ್ಪೆ ಜೋತುಬಿದ್ದಿರುವುದನ್ನು ಡಾಕ್ಟರು ಗುರುತಿಸದೆ ಗ್ಯಾಸಿಗೆ ಔಷಧ ಕೊಟ್ಟು ಕಳಿಸಿದರೆ, ಸಂಜೆಗೆ ಉಸಿರು ನಿಲ್ಲಬಹುದು. 2024ರ ಫೆಬ್ರುವರಿಯಿಂದ ಕರ್ನಾಟಕದಲ್ಲಿ ಹಾವಿನ ಕಡಿತದ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡಬೇಕೆಂಬ ನಿಯಮವೂ ಬಂದಿದೆ. ಇಷ್ಟನ್ನೂ ಮೂವತ್ತು ವರ್ಷದ ಹಿಂದಿನ ಪಠ್ಯದಿಂದ ತೆಗೆಯಲಾಗದು.

ಕಂಪನಿಯ ಊಟದ ಮಾತು. ಪೂರ್ತಿ ಸುಳ್ಳು ಎನ್ನಲಾರೆ. 2009ರ ಡಿಸೆಂಬರಿನಲ್ಲಿಯೇ ವೈದ್ಯರ ನಡವಳಿಕೆ ನಿಯಮಗಳಿಗೆ ತಿದ್ದುಪಡಿ ತಂದು ಔಷಧ ಕಂಪನಿಗಳಿಂದ ಉಡುಗೊರೆ, ಪ್ರವಾಸ, ಆತಿಥ್ಯ ಪಡೆಯಬಾರದು ಎಂದಿದ್ದಾರೆ. ಇಂಥ ಉಡುಗೊರೆಯ ಖರ್ಚನ್ನು ತೆರಿಗೆಯಲ್ಲಿ ಕಳೆಯಲು ಬಿಡಲಾಗದು ಎಂದು 2022ರಲ್ಲಿ ಸುಪ್ರೀಂ ಕೋರ್ಟು ಕಂಪನಿಗಳಿಗೆ ಹೇಳಿದೆ. ನಿಯಮ ಇದ್ದೂ ನಡೆಯುವುದು ನಡೆಯುತ್ತದೆ. ಆದರೆ ನನ್ನನ್ನು ಕಾಡುವುದು ಊಟಕ್ಕಿಂತ ಹೆಚ್ಚಾಗಿ ಪಾಠದ ವಿಷಯ. ಹೊಸ ಗುಳಿಗೆ ಶುರು ಮಾಡಿ ಎಂದು ಕಲಿಸಲು ದುಡ್ಡು ಹಾಕುವವರು ಸಿಗುತ್ತಾರೆ. ಹಳೆಯ ಅಗ್ಗದ ಗುಳಿಗೆ ನಿಲ್ಲಿಸಿ ಎಂದು ಕಲಿಸಲು ಯಾರು ಹಾಕುತ್ತಾರೆ? ಚರ್ಮಕ್ಕೆ ಚುಚ್ಚುವುದನ್ನು ಬಿಡಿ ಎಂದು ಹೇಳುವುದರಲ್ಲಿ ಯಾರಿಗೆ ಲಾಭ? ನಿಮ್ಮ ಮೊಮ್ಮಗನ ವಿಷಯವನ್ನೇ ತೆಗೆದುಕೊಳ್ಳಿ. ಅವನನ್ನು ನೋಡದೆ, ಅಂದು ಡ್ರಿಪ್ ಬೇಕಿತ್ತೋ ಇಲ್ಲವೋ ನಾನು ಹೇಳಬಾರದು. ಕುಡಿಯಬಲ್ಲ, ತೀರಾ ಬಳಲದ ಆ ವಯಸ್ಸಿನ ಮಗುವಿಗಾದರೆ ಬೇಕಾದದ್ದು ಓಆರ್‌ಎಸ್, ಮತ್ತು ದಿನಕ್ಕೆ 20 ಮಿಲಿಗ್ರಾಂ ಜಿಂಕ್, 14 ದಿನ. ಭೇದಿ ನಿಂತ ಮೇಲೂ ಜಿಂಕ್ ಮುಂದುವರಿಸಬೇಕು. ಎಷ್ಟೋ ಮನೆಗಳಲ್ಲಿ ಮೂರನೇ ದಿನಕ್ಕೇ ಬಿಡುತ್ತಾರೆ. ಕೆಲವೇ ರೂಪಾಯಿಯ ಈ ಪೊಟ್ಟಣದ ಬಗ್ಗೆ ತಾರಾ ಹೋಟೆಲಿನಲ್ಲಿ ಉಪನ್ಯಾಸ ಏರ್ಪಡಿಸಲು ಯಾರೂ ಮುಂದೆ ಬರುವುದಿಲ್ಲ.

ಹಾಗಾಗಿ ಈ ಕಲಿಕೆಯ ಹೊಣೆ ಕಂಪನಿಗಳಲ್ಲದವರ ಮೇಲೆ ಬೀಳಬೇಕು. ದಾವಣಗೆರೆಗೆ ಅದು ಕಷ್ಟವಲ್ಲ. 1965ರಿಂದ ಜೆಜೆಎಂ ವೈದ್ಯಕೀಯ ಕಾಲೇಜು ಇಲ್ಲಿದೆ, ಎಸ್‌ಎಸ್ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ಪಕ್ಕದ ಚಿತ್ರದುರ್ಗದಲ್ಲಿ ಬಸವೇಶ್ವರ ವೈದ್ಯಕೀಯ ಕಾಲೇಜಿದೆ. ನಿಯಮ ಕೇಳುವುದೂ ಹೆಚ್ಚೇನಲ್ಲ. ವೈದ್ಯರ ನಡವಳಿಕೆಯ 2002ರ ನಿಯಮಾವಳಿಯ ಪ್ರಕಾರ ಐದು ವರ್ಷಕ್ಕೆ 30 ಗಂಟೆ ಕಲಿಕೆ, ಅಂದರೆ ತಿಂಗಳಿಗೆ ಅರ್ಧ ಗಂಟೆ. ಇದನ್ನು ಐದನೇ ವರ್ಷದ ಕೊನೆಗೆ ದಿನಗಟ್ಟಲೆ ಬಾಗಿಲು ಹಾಕಿ ಒಟ್ಟಿಗೆ ತೀರಿಸುವುದಕ್ಕಿಂತ, ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಹತ್ತು ಜನ ಡಾಕ್ಟರು ಸುತ್ತ ಕೂತು ಮಾಡಬಾರದೆ?

ಸುತ್ತ ಕೂತು ಎಂದು ಬೇಕೆಂದೇ ಬರೆದೆ. ಬರೀ ಉಪನ್ಯಾಸ ಕೇಳಿದರೆ ವೈದ್ಯರು ಮರುದಿನ ಬರೆಯುವ ಚೀಟಿ ಬದಲಾಗುವುದು ಕಡಿಮೆ, ಚರ್ಚೆ ಮತ್ತು ಅಭ್ಯಾಸ ಇದ್ದರೆ ಬದಲಾಗುತ್ತದೆ ಎಂದು ಕೆನಡಾದ ಸಂಶೋಧಕರು 1999ರಲ್ಲೇ ತೋರಿಸಿದ್ದಾರೆ. ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ 1950ರ ದಶಕದಲ್ಲಿ ಮೈಕೇಲ್ ಬಾಲಿಂಟ್ ಎಂಬ ಮನೋವಿಶ್ಲೇಷಕರು ಸಾಮಾನ್ಯ ವೈದ್ಯರನ್ನು ಒಂದೆಡೆ ಕೂಡಿಸಿ, ತಮಗೆ ಬಗೆಹರಿಯದ ರೋಗಿಯ ಕಥೆಯನ್ನು ಹೇಳಿಕೊಳ್ಳಲು ಬಿಡುತ್ತಿದ್ದರು. ನಮ್ಮಲ್ಲಿ ಅಂಥ ಕೂಟ ಸೇರಿದರೆ ಕಥೆಗಳಿಗೆ ಬರವಿಲ್ಲ. ಬೀಡಿ ಮುಟ್ಟದೆಯೂ ಏದುಸಿರು ಬಿಡುವ ಮಂಡಕ್ಕಿ ಭಟ್ಟಿಯ ಹೆಂಗಸು, ಅಡಿಕೆ ಜಗಿದು ಜಗಿದು ಬಾಯಿ ಎರಡು ಬೆರಳಿನಷ್ಟೂ ತೆರೆಯಲಾಗದ ಚನ್ನಗಿರಿಯ ಹುಡುಗ, ಇವರು ದೊಡ್ಡ ಸಮ್ಮೇಳನದ ಪರದೆಯ ಮೇಲೆ ಬರುವುದು ಅಪರೂಪ. ನಮ್ಮ ಡಾಕ್ಟರ ಬಾಗಿಲಿಗೆ ಮಾತ್ರ ದಿನಾ ಬರುತ್ತಾರೆ.

ನೀವೂ ಬರುತ್ತೀರಿ. ಈಗ ನಿಮ್ಮ ಮಂಡಿ ಮತ್ತು ಬೆನ್ನಿಗೆ ಬರೋಣ. ನಿಮ್ಮ ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ವಿಚಾರ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿ ಇಲ್ಲದಿದ್ದರೆ 1.5 ರವರೆಗೆ. ಅದಕ್ಕಿಂತ ಹೆಚ್ಚಿನ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುತ್ತದೆ, ದೊಡ್ಡವರ ಬೆನ್ನು, ಕತ್ತು, ಕೀಲು ಸೆಟೆಯುತ್ತವೆ. ನಿಮ್ಮ ನೋವು ಅದರದ್ದೇ ಎಂದು ನಾನು ಹೇಳುತ್ತಿಲ್ಲ, ವಯಸ್ಸಿನ ಸವೆತವೂ ಇರಬಹುದು. ಆದರೆ ಎರಡು ವರ್ಷ ಅದೇ ನೋವಿನ ಗುಳಿಗೆ ನುಂಗುವುದು ಮೂತ್ರಪಿಂಡಕ್ಕೆ ಒಳ್ಳೆಯದಲ್ಲ. ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟಲು ಆಗುತ್ತದೆಯೆ, ಗದ್ದವನ್ನು ಎದೆಗೆ ತಾಗಿಸಲು ಆಗುತ್ತದೆಯೆ, ಎರಡೂ ಕೈ ತಲೆಯ ಹಿಂದಕ್ಕೆ ಒಯ್ಯಲು ಆಗುತ್ತದೆಯೆ, ಮನೆಯಲ್ಲೇ ನೋಡಿಕೊಳ್ಳಿ. ನಿಮ್ಮ ಡಾಕ್ಟರು ತರಬೇತಿ ಮುಗಿಸಿ ಬಂದಿರುತ್ತಾರೆ. ಹೋಗುವಾಗ ಗುಳಿಗೆಯ ಚೀಟಿಯ ಜತೆಗೆ, ಕುಡಿಯಲು ಬಳಸುವ ಬೋರ್‌ವೆಲ್ಲಿನ ನೀರನ್ನು ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಕೊಂಡು ಹೋಗಿ. ಪರೀಕ್ಷೆಗೆ ಎಲ್ಲಿ ಕೊಡಬೇಕೆಂದು ಅವರನ್ನೇ ಕೇಳಿ. ಎಷ್ಟು ಬಂತು ಎಂದು ನನಗೂ ಬರೆಯಿರಿ.

ಸಂಪಾದಕ