ರೆಸ್ಟೊರೇಟಿವ್ ಜಸ್ಟಿಸ್ ಅಂದರೆ ಏನು? ಜೈಲಿಗೆ ಹೋಗಿ ಬಂದವರಿಗೆ, ಅವರ ಮನೆಯವರಿಗೆ ಅದರಿಂದ ಏನು ಉಪಯೋಗ?

ಯಾವ ಕಾನೂನು ಮುರಿದರು, ಎಷ್ಟು ಶಿಕ್ಷೆ ಅಂತ ಕೋರ್ಟು ಕೇಳುತ್ತದೆ. ರೆಸ್ಟೊರೇಟಿವ್ ಜಸ್ಟಿಸ್‌ನಲ್ಲಿ ಕೇಳುವುದು ಯಾರಿಗೆ ನೋವಾಯಿತು, ಅವರಿಗೀಗ ಏನು ಬೇಕು, ಅದನ್ನು ಸರಿಮಾಡುವ ಹೊಣೆ ಯಾರದು ಅಂತ.

1974ರಲ್ಲಿ ಕೆನಡಾದ ಎಲ್ಮೈರಾ ಎಂಬ ಊರಿನಲ್ಲಿ ಇಬ್ಬರು ಹುಡುಗರು ಕುಡಿದು, ಒಂದೇ ರಾತ್ರಿ 22 ಕಡೆ ಟೈರ್ ಕುಯ್ದು, ಗಾಜು ಒಡೆದು ಹಾಳುಮಾಡಿದ್ದರು. ಪ್ರೊಬೇಷನ್ ಅಧಿಕಾರಿಯೊಬ್ಬರ (ಜೈಲಿನ ಹೊರಗಿರುವ ಅಪರಾಧಿಗಳ ಮೇಲೆ ನಿಗಾ ಇಡುವವರು) ಮಾತು ಕೇಳಿ ಜಡ್ಜ್ ಅವರನ್ನು ನಷ್ಟವಾದವರ ಮನೆಮನೆಗೆ ಕಳಿಸಿದರು. ಬಾಗಿಲು ತಟ್ಟಿ 'ನಾವೇ ಮಾಡಿದ್ದು' ಅನ್ನಬೇಕು, ನಷ್ಟ ಎಷ್ಟು ಅಂತ ಕೇಳಬೇಕು. ಸುಮ್ನೆ ಜೈಲಲ್ಲಿ ಕೂತು ಬರುವುದಕ್ಕಿಂತ ಇದು ಕಷ್ಟ, ಅಲ್ವಾ? ಆಮೇಲೆ ಹಣವನ್ನೂ ಕಟ್ಟಿಕೊಟ್ಟರು. 1989ರಲ್ಲಿ ನ್ಯೂಜಿಲೆಂಡ್, ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಪದ್ಧತಿಯಿಂದ ಕಲಿತು, ಮಕ್ಕಳ ಕೇಸುಗಳಲ್ಲಿ ಮನೆಯವರು, ನೊಂದವರು ಒಟ್ಟಿಗೆ ಕೂತು ಮಾತಾಡುವ ಕುಟುಂಬ ಸಭೆಯನ್ನು ಕಾನೂನಿಗೇ ಸೇರಿಸಿತು.

ಜೈಲಿನೊಳಗೂ ಇಂಥ ಮಾತುಕತೆ ನಡೆಯುತ್ತದೆ. ವೃತ್ತವಾಗಿ ಕೂತು ಒಬ್ಬೊಬ್ಬರೇ ಮಾತಾಡುತ್ತಾರೆ. ಎಷ್ಟೋ ಕೈದಿಗಳು ಚಿಕ್ಕಂದಿನಲ್ಲಿ ತಾವೇ ಹೊಡೆತ ತಿಂದವರು. ಅದನ್ನು ಬಾಯಿಬಿಟ್ಟು ಹೇಳುವುದೇ ಇಲ್ಲಿ ಮೊದಲ ಸಲ ಆಗಿರಬಹುದು. ಅಪ್ಪ ಜೈಲಿನಲ್ಲಿದ್ದಾಗ ಮಕ್ಕಳು ಪಟ್ಟ ಅವಮಾನವೂ ಹೊರಬರುತ್ತದೆ. ನನಗೆ ಜಾಸ್ತಿ ಮುಖ್ಯ ಅನಿಸುವುದು ಇದೇ, ಯಾಕೆಂದರೆ ಬಿಡುಗಡೆಯಾದವರು ಹೋಗಬೇಕಾದದ್ದು ಅದೇ ಮನೆಗೆ.

ಒಂದು ಮಾತು: ನೊಂದವರು ಕ್ಷಮಿಸಲೇಬೇಕು ಅಂತಿಲ್ಲ. ಭೇಟಿಯೇ ಬೇಡ ಅಂದರೂ ಅದು ಅವರ ಹಕ್ಕು.