ಮುಂಬೈಯಲ್ಲಿದ್ದೇನೆ, ಪಿಎಸ್4 (ಪ್ಲೇಸ್ಟೇಷನ್ 4 ಗೇಮ್ ಕನ್ಸೋಲ್) ಡಿಸ್ಕ್‌ಗಳು ಮನೆಯಲ್ಲಿವೆ. ಪಿಎಸ್5 ಡಿಸ್ಕ್ ಮಾಡೆಲ್ ತಗೊಳ್ಳಲಾ, ಡಿಜಿಟಲ್ ತಗೊಳ್ಳಲಾ?

ಹಳೆ ಡಿಸ್ಕ್‌ಗಳಿವೆ ಅಂದಮೇಲೆ ಕಣ್ಣುಮುಚ್ಚಿ ಡಿಸ್ಕ್ ಮಾಡೆಲ್ ತಗೊಳ್ಳಿ. ಪಿಎಸ್4ನ ಹೆಚ್ಚುಕಮ್ಮಿ ಎಲ್ಲ ಗೇಮ್‌ಗಳೂ ಇದರಲ್ಲಿ ಓಡುತ್ತವೆ. ಪಿಎಸ್3 ಡಿಸ್ಕ್ ಮಾತ್ರ ನಡೆಯುವುದಿಲ್ಲ. ಡಿಜಿಟಲ್‌ನಲ್ಲಿ ಡೌನ್‌ಲೋಡ್ ಒಂದೇ ದಾರಿ. ಆಡಿ ಬೇಜಾರಾದ ಗೇಮನ್ನು ಮಾರುವ ಹಾಗಿಲ್ಲ. ಡಿಸ್ಕ್ ಆದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಲ್ಲಿ ಚೌಕಾಸಿ ಮಾಡಬಹುದು, ಮಾಟುಂಗಾದ ಗೆಳೆಯರ ಜೊತೆ ಬದಲಾಯಿಸಿಕೊಳ್ಳಬಹುದು.

ಆದರೆ ಡಿಸ್ಕ್ ಇದ್ದರೆ ಜಾಗ ಉಳಿಯುತ್ತದೆ ಅಂದುಕೊಳ್ಳಬೇಡಿ. ಗೇಮ್ ಹೇಗೂ ಸಾಮಾನ್ಯವಾಗಿ ಒಳಗಿನ ಎಸ್‌ಎಸ್‌ಡಿಗೇ (ಕನ್ಸೋಲಿನ ಸ್ಟೋರೇಜ್) ಇನ್‌ಸ್ಟಾಲ್ ಆಗುತ್ತದೆ, ಆಡುವಾಗ ಡಿಸ್ಕೂ ಡ್ರೈವಿನಲ್ಲೇ ಇರಬೇಕು. (ಎದ್ದು ಹೋಗಿ ಬದಲಾಯಿಸುವುದು ಸೋಮಾರಿಗಳಿಗೆ ಕಷ್ಟ, ಅಲ್ವಾ?) ಮೊದಲ ಮಾಡೆಲ್‌ನ 825 ಜಿಬಿಯಲ್ಲಿ ಕೈಗೆ ಸಿಗುವುದು ಸುಮಾರು 667. 2023ರ ಸ್ಲಿಮ್ ಡಿಜಿಟಲ್‌ಗೆ ಡ್ರೈವನ್ನು ಆಮೇಲೂ ಜೋಡಿಸಬಹುದು. ಮೊದಲ ಸಲ ಇಂಟರ್ನೆಟ್ ಬೇಕು, ಅಷ್ಟೇ.