ಆಕ್ಸಿಜನ್ 95 ಇದ್ರೂ ಬೈಪ್ಯಾಪ್ ಯಾಕೆ?

ಪ್ರಶ್ನೆ: ನಮ್ಮ ಅಪ್ಪಾಜಿಗೆ 61 ವರ್ಷ. ಮೋಟಾರ್ ನ್ಯೂರಾನ್ ಕಾಯಿಲೆ (ಸ್ನಾಯುಗಳನ್ನ ಆಡಿಸೋ ನರಗಳು ಸೋಲ್ತಾ ಹೋಗೋದು) ಅಂತ ನಿಮ್ಹಾನ್ಸ್‌ನಲ್ಲಿ ಹೇಳಿದಾರೆ. ಮಾತು ಚೆನ್ನಾಗೇ ಇದೆ, ಕೈ ಎತ್ತೋಕಾಗಲ್ಲ. ರಾತ್ರಿಗೆ ಮಾಸ್ಕ್ ಮೂಲಕ ಉಸಿರಾಡೋಕೆ ಸಹಾಯ ಮಾಡೋ ಬೈಪ್ಯಾಪ್ ಮಶೀನ್ ಬರ್ಕೊಟ್ಟಿದಾರೆ, ಆದ್ರೆ ಮಾಸ್ಕ್ ಹಾಕಿದ ಕೂಡ್ಲೇ ಉಸಿರುಕಟ್ಟುತ್ತೆ ತೆಗೀರಿ ಅಂತಾರೆ. ಬೆರಳಿಗೆ ಹಾಕಿ ನೋಡಿದ್ರೆ ಆಕ್ಸಿಜನ್ 95 ಇರುತ್ತೆ, ಒಂದು ಸಿಲಿಂಡರ್ ತಂದಿಟ್ರೆ ಸಾಕು ಅಂತಾರೆ ದೊಡ್ಡಪ್ಪ. ಕರೆಂಟ್ ಹೋದ್ರೆ ಅನ್ನೋ ಭಯ ಬೇರೆ. ರಾತ್ರಿ ಅಮ್ಮ ಒಬ್ರೇ ನೋಡ್ಕೊಳ್ಳೋದು.
– ಓದುಗರು, ದಾವಣಗೆರೆ

ಉತ್ತರ: ನೀವಾಗೇ ಸಿಲಿಂಡರ್ ತರಬೇಡಮ್ಮ. ಅಪ್ಪಾಜಿ ಕಷ್ಟ ಶ್ವಾಸಕೋಶದ್ದಲ್ಲ, ಅದನ್ನ ಹಿಗ್ಗಿಸೋ ವಪೆ ಅನ್ನೋ ಸ್ನಾಯು ಸೋತಿರೋದು, ತಿದಿ ಸರಿಯಿದ್ದು ಒತ್ತೋ ಕೈಗೆ ಬಲ ಇಲ್ದಂಗೆ. ಮಲಗಿದಾಗ ಉಸಿರು ಮೇಲೆಮೇಲೆ ಆಡಿ ಕಾರ್ಬನ್ ಡೈಆಕ್ಸೈಡ್ ಒಳಗೇ ಉಳ್ಕೊಳ್ಳುತ್ತೆ, ಬೆರಳಿನ ಮೀಟರ್ ಅದನ್ನ ತೋರ್ಸೋದೇ ಇಲ್ಲ. ಬೆಳಿಗ್ಗೆ ಎದ್ದ ಕೂಡ್ಲೇ ತಲೆನೋವು, ಹಗಲೆಲ್ಲ ತೂಕಡಿಕೆ, ದಿಂಬಿನ ಮೇಲೆ ದಿಂಬು ಕೇಳೋದು ಇದ್ಯಾ ನೋಡಿ. ಬರೀ ಆಕ್ಸಿಜನ್ ಕೊಟ್ರೆ ನಂಬರ್ ಚೆಂದ ಕಾಣುತ್ತೆ, ಒಳಗೆ ಕಾರ್ಬನ್ ಡೈಆಕ್ಸೈಡ್ ಇನ್ನೂ ಏರಿ ಮಂಪರು ಹಿಡೀಬಹುದು. ಬೈಪ್ಯಾಪ್ ಮಾಡೋದು ಬೇರೆ ಕೆಲಸ, ಉಸಿರು ಎಳ್ಕೊಳ್ವಾಗ ಗಾಳಿ ಜೋರಾಗಿ ತಳ್ಳುತ್ತೆ, ಬಿಡ್ವಾಗ ಒತ್ತಡ ಇಳಿಸುತ್ತೆ. 2006ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಿಂದ ಬಂದ ಅಧ್ಯಯನದಲ್ಲಿ, ನಿಮ್ಮ ಅಪ್ಪಾಜಿ ಥರ ಮಾತು, ನುಂಗೋದು ತೀರಾ ಕೆಟ್ಟಿರದೇ ಇದ್ದೋರಲ್ಲಿ ಇದ್ರಿಂದ ಆಯಸ್ಸು ಹೆಚ್ಚುಕಮ್ಮಿ 205 ದಿನ ಜಾಸ್ತಿಯಾಗಿತ್ತು, ನಿದ್ದೆನೂ ಸುಧಾರಿಸಿತ್ತು.

ಇನ್ನು ಮಾಸ್ಕ್. ಮೊದಲ್ನೇ ದಿನವೇ ರಾತ್ರಿಯಿಡೀ ಹಾಕ್ಸೋಕೆ ಹೋದ್ರೆ ಯಾರಿಗಾದ್ರೂ ಗಾಬರಿ ಆಗುತ್ತೆ. ಹಗಲಲ್ಲಿ ಕೂರ್ಸಿ, ಟಿವಿ ಹಾಕಿ, ಮಶೀನ್ ಆನ್ ಮಾಡಿ ಮಾಸ್ಕನ್ನ ಪಟ್ಟಿ ಕಟ್ಟದೆ ಕೈಯಲ್ಲೇ ಮುಖಕ್ಕೆ ಹಿಡೀರಿ, ಹತ್ತು ನಿಮಿಷ ಸಾಕು, ಆಮೇಲೆ ಅರ್ಧ ಗಂಟೆ, ಹೀಗೆ ಏರಿಸ್ತಾ ಹೋಗಿ. ಪಟ್ಟಿ ಕೆಳಗೆ ಎರಡು ಬೆರಳು ಆಡ್ಬೇಕು. ಬಿಗಿದ್ರೆ ಮೂಗಿನ ಮೂಳೆ ಮೇಲೆ ಕೆಂಪಾಗಿ ಹುಣ್ಣೇ ಆಗುತ್ತೆ, ಆಮೇಲೆ ಅವ್ರು ಮಾಸ್ಕ್ ಹತ್ರ ಬಿಡಲ್ಲ. ಮಾಸ್ಕ್ ಮುಂದೆ ಸಣ್ಣ ತೂತುಗಳಿರುತ್ತಲ್ಲ, ಗಾಳಿ ಸೋರ್ತಿದೆ ಅಂತ ಅದಕ್ಕೆ ಟೇಪ್ ಅಂಟ್ಸೋರಿದಾರೆ, ದಯವಿಟ್ಟು ಹಂಗೆ ಮಾಡ್ಬೇಡಿ, ಬಿಟ್ಟ ಉಸಿರು ಹೊರಗೆ ಹೋಗೋ ದಾರಿನೇ ಅದು. ಇಷ್ಟಾದ್ರೂ ಕಟ್ಟಿದಂಗಾಗುತ್ತೆ ಅಂದ್ರೆ ಒತ್ತಡದ ಸೆಟ್ಟಿಂಗ್ ಡಾಕ್ಟ್ರೇ ಬದಲಿಸ್ಬೇಕು, ಮಶೀನ್ ಮಾರಿದ ಅಂಗಡಿಯೋರಲ್ಲ.

ನಂಗೆ ಜಾಸ್ತಿ ಚಿಂತೆ ಇರೋದು ಕೈ ಎತ್ತೋಕಾಗಲ್ಲ ಅಂದ್ರಲ್ಲ, ಅದ್ರದ್ದು. ವಾಂತಿ ಬಂದ್ರೆ, ಕರೆಂಟ್ ಹೋಗಿ ಮಶೀನ್ ನಿಂತ್ರೆ ಅವ್ರೇ ಮಾಸ್ಕ್ ಕಿತ್ಕೊಳ್ಳೋಕಾಗಲ್ಲ. ಹಂಗಾಗಿ ಅದೇ ರೂಮಲ್ಲಿ ಒಬ್ರು ಮಲಗ್ಲೇಬೇಕು, ಕಾಲಲ್ಲೋ ತಲೆಯಲ್ಲೋ ಒತ್ತೋ ಬೆಲ್ ಇಡಿ, ಊಟ ಆಗಿ ಒಂದು ಗಂಟೆ ಕಳೀಲಿ. ಮಶೀನ್ ನಿಂತ್ರೆ ತಕ್ಷಣ ಮಾಸ್ಕ್ ತೆಗೆದು ದಿಂಬು ಕೊಟ್ಟು ಎತ್ತರಕ್ಕೆ ಒರಗ್ಸಿ ಕೂರ್ಸಿ. ಬೇಸಿಗೆಲಿ ನಮ್ ಕಡೆ ಕರೆಂಟ್ ಯಾವಾಗ ಹೋಗುತ್ತೆ ಹೇಳೋಕಾಗಲ್ಲ, ಮನೆ ಇನ್ವರ್ಟರ್‌ಗೆ ಆ ಪ್ಲಗ್ ಸೇರಿದ್ಯಾ ಇವತ್ತೇ ನೋಡಿ, ಹಗಲಲ್ಲೇ ಮೇನ್ ಆಫ್ ಮಾಡಿ ಎಷ್ಟು ಗಂಟೆ ಎಳೆಯುತ್ತೆ ಅಂತ ಪರೀಕ್ಷೆ ಮಾಡಿ. ನೀರು ಬಿಸಿ ಮಾಡೋ ಹ್ಯುಮಿಡಿಫೈಯರ್ ಇದ್ರೆ ಆ ಹೊತ್ತಲ್ಲಿ ಆಫ್ ಇರ್ಲಿ, ಬ್ಯಾಟರಿ ತಿನ್ನೋದು ಅದೇ. ಬೆಸ್ಕಾಂ 1912 ನಂಬರ್ ಮಂಚದ ಹತ್ರ ಬರ್ದಿಡಿ.

ಅಮ್ಮ ಒಬ್ರೇ ದಿನಾ ರಾತ್ರಿ ಎದ್ರೆ ಅವ್ರೂ ಹಾಸಿಗೆ ಹಿಡೀತಾರೆ. ದೊಡ್ಡಪ್ಪನಿಗೆ ಅಷ್ಟು ಕಾಳಜಿ ಇದ್ಯಲ್ಲ, ಮಾಸ್ಕ್ ಹಾಕಿ ತೆಗ್ಯೋದನ್ನ ಅವ್ರಿಗೂ ಕಲಿಸಿ ವಾರಕ್ಕೆರಡು ರಾತ್ರಿ ಕೇಳ್ಕೊಳ್ಳಿ, ಸಂಕೋಚ ಬೇಡ.

ಕಫ ಕೆಮ್ಮಿ ತೆಗ್ಯೋಕಾಗದೆ ಗೊರಗೊರ ಅಂದ್ರೆ, ಹಗಲೂ ಮಾಸ್ಕ್ ಬೇಕು ಅನ್ನೋಂಗಾದ್ರೆ ತಡ ಮಾಡದೆ ಡಾಕ್ಟ್ರ ಹತ್ರ ಹೋಗಿ. ಮುಂದೆ ಗಂಟಲಿಗೆ ತೂತು ಮಾಡಿ ವೆಂಟಿಲೇಟರ್ ಹಾಕಿಸ್ಕೋಬೇಕಾ ಬೇಡ್ವಾ ಅನ್ನೋದನ್ನ ಮಾತು ಚೆನ್ನಾಗಿರೋವಾಗ್ಲೇ ಅಪ್ಪಾಜೀನೇ ಕೇಳಿ. ಎಮರ್ಜೆನ್ಸಿ ವಾರ್ಡಲ್ಲಿ ನಿಂತ್ಕೊಂಡು ನೀವೋ ದೊಡ್ಡಪ್ಪನೋ ಅದನ್ನ ತೀರ್ಮಾನ ಮಾಡೋಂಗಾಗಬಾರದು.